ತೂತು ಮುಚ್ಚೋ ಮಂದಿ

ರಾಣೆಬೆನ್ನೂರಾಗ ಟಿ.ವಿ., ಸ್ಟೆಬಿಲೈಜರ್ ರಿಪೇರಿ ಅಂಗಡಿ ಇಟ್ಟಾಗಿಂದ ನನಗ ಒಂದೇ ಸಿಟ್ಟು. ಒಳಗಿನ ಬಿಸಿ ಹೊರಗ ಹೋಗ್ಲಿ ಅಂತ ಬಿಟ್ಟ ತೂತು ಮಂದಿ ಮುಚ್ಚತಾರ, ಸಾಮಾನು ಸುಡತದ, ಹೆಸರು ಕೆಡೋದು ನಂದು! "ಆತ ಮಾಡಿದ್ದು ನಿಲ್ಲಂಗಿಲ್ಲ" ಅಂತ ಬಸ್‌ಸ್ಟ್ಯಾಂಡಿನ ಚಹಾದಂಗಡ್ಯಾಗ ಮಾತಾಡಾಕತ್ತಿದ್ರು. ಹೊಟ್ಟಿ ಉರಿಯೂದಿಲ್ಲೇನು?

ಗುಂಡಿ ಇದ್ದ ಟಿ.ವಿ.

ಹಾವೇರಿಯ ಒಬ್ರು ಟೀಚರ್ ಬಾಯಾರ ಟಿ.ವಿ. ಮೂರನೇ ಸಲ ಸುಟ್ಟಿತ್ತು. ಮನಿಗೆ ಹೋಗಿ ನೋಡಿದ್ರ, ಗಿಳಿ ಕಸೂತಿ ಹಾಕಿದ ದಪ್ಪನ ಗವಸು, ನಾಕೂ ಕಡೆ ಗುಂಡಿ!

"ಬಾಯಾರ, ಟಿ.ವಿ.ಗೆ ಚಳಿ ಆಗಿತ್ತೇನ್ರಿ? ಹಿಂದ ಬಿಸಿ ಹೋಗೋ ತೂತು ಅದಾವ!"

"ನಾವೇನು ಹುಚ್ಚರೇನ್ರಿ? ಟಿ.ವಿ. ಹಚ್ಚಿದಾಗ ಗುಂಡಿ ಬಿಚ್ಚತೇವಿ."

"ಎಲ್ಲಾ?"

"ಮುಂದಿನವು. ಹಿಂದ ಕುಂತು ಯಾರು ನೋಡ್ತಾರ್ರಿ?"

ಬಿಳೇದು

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರೊಬ್ರು ಭಜನಿಗೆ ಆಂಪ್ಲಿಫೈಯರ್ ಇಟ್ಟಿದ್ರು. ಅದರಾಗ ಉಗುರಿನಷ್ಟು ಟ್ರಾನ್ಸಿಸ್ಟರ್, ಬೆನ್ನಿಗೆ ಅಲ್ಯೂಮಿನಿಯಂ ತಗಡು. ಬಿಸಿ ತಗಡಿಗೆ ಲಗೂ ದಾಟಲಿ ಅಂತ ನಡುವ ಬಿಳಿ ಮುಲಾಮು ಹಚ್ಚತೇವಿ. ಧೂಳ ತಗೀಯಾಕ ಡಬ್ಬಿ ಬಿಚ್ಚಿ, ಹೊಲಸು ಅಂತ ಅದನ್ನ ಒರಸಿ ಒಗದಿದ್ರು! ಬೈದು, "ಈ ಬಿಳೇದು ಇರಾಕ ಬೇಕ್ರಿ" ಅಂತ ಹೇಳಿ, ಹೊಸಾದು ಹಚ್ಚಿಕೊಟ್ಟೆ. ತಿಂಗಳಾಗೋದ್ರಾಗ ಮತ್ತ ಅದನ್ನ ಸುಟ್ಟುಕೊಂಡು ಬಂದ್ರು.

"ಮತ್ತ ಒರಸಿದ್ರೇನ್ರಿ?"

"ಒರಸೀನ್ರಿ. ಆದ್ರ ನಿಮ್ಮ ಮಾತು ನೆನಪಾತು, ಬಿಳೇದು ಹಚ್ಚೇ ಬಿಟ್ಟೆ."

"ಏನು ಹಚ್ಚಿದ್ರಿ?"

"ವಿಭೂತಿ. ದಪ್ಪನಾಗಿ ಹಚ್ಚೇನ್ರಿ."

ಚೀಟಿ

ಸಾಕಾತು. ಪ್ರೆಸ್ಸಿನಾಗ ಚೀಟಿ ಅಚ್ಚು ಹಾಕಿಸಿದೆ: "ಗಾಳಿ ತೂತು ಮುಚ್ಚಬಾರದು. ಈ ಚೀಟಿ ತೆಗೆಯಬಾರದು." ರಿಪೇರಿಗೆ ಬಂದ ಎಲ್ಲಾದಕ್ಕೂ, ಕಾಣಲಿಲ್ಲ ಅನ್ನಬಾರದಂತ ಮೂರು ಮೂರು, ಅಂಟು ಹಚ್ಚಿ ಬಡದೆ. ಚಹಾದಂಗಡಿಗೆ ಹೋಗಿ, "ಇನ್ನ ನನ್ನ ಕೈಯಾಗಿಂದ ಹೋದದ್ದು ಸುಟ್ಟು ತಿರುಗಿ ಬಂದ್ರ ಅಂಗಡಿ ಮುಚ್ಚತೇನಿ!" ಅಂತ ಎಲ್ಲಾರ ಮುಂದ ಸಾರಿದೆ.

ಎಂಟು ದಿನ ಆಗಿರಲಿಲ್ಲ. ಕದರಮಂಡಲಗಿಯಿಂದ ಒಬ್ರು ಸಾಹೇಬರು, ಉರ್ದು ಸಾಲಿ ಮಾಸ್ತರು, ನಾನೇ ರಿಪೇರಿ ಮಾಡಿ ಕೊಟ್ಟಿದ್ದ ಸ್ಟೆಬಿಲೈಜರ್ ಹೊತ್ಕೊಂಡು ಬಂದ್ರು. ಸುಟ್ಟ ವಾಸನಿ ಅವರಕಿಂತ ಮೊದಲ ಒಳಗ ಬಂತು. ಬೆನ್ನಹಿಂದ ಚಹಾದಂಗಡಿ ಮಂದಿನೂ ಬಂದು ನಿಂತ್ರು.

ನನಗ ಸಿಟ್ಟು ನೆತ್ತಿಗೇರಿತು. "ಏನು ಮುಚ್ಚಿದ್ರಿ? ಗವಸೋ, ಚಾದರೋ? ಖರೇ ಹೇಳ್ರಿ! ಅಷ್ಟು ದೊಡ್ಡ ಅಕ್ಷರದಾಗ ಬರದೇನಿ, ಓದಾಕ ಬರಂಗಿಲ್ಲೇನು ನಿಮಗ?"

ಮಾಸ್ತರು ಸಿಟ್ಟಾಗ್ಲಿಲ್ಲ. ಸ್ಟೆಬಿಲೈಜರ್ ಹಿಂದಿನ ಬದಿ ಮುಂದ ಮಾಡಿ, ಎಲ್ಲಾರಿಗೂ ಕಾಣೋ ಹಂಗ ಟೇಬಲ್ ಮ್ಯಾಲೆ ಇಟ್ರು. ಗಾಳಿ ತೂತಿನ ಮ್ಯಾಲೆ, ಒಂದರ ಪಕ್ಕ ಒಂದು, ನನ್ನವೇ ಮೂರು ಚೀಟಿ!

"ಓದಾಕ ಬರ್ತದ್ರಿ," ಅಂದ್ರು. "ಅದಕ್ಕ ತಗೀಲಿಲ್ಲ."