ದನದ ದಲ್ಲಾಳಿಯ ಬುದ್ಧಿಪರೀಕ್ಷೆ

ನಮ್ಮ ಸೋದರಮಾವನಿಗೆ ಬುದ್ಧಿ ಇದೆಯೋ ಇಲ್ಲವೋ ಎಂಬುದನ್ನು ಅತ್ತೆಗೆ ಜೀವನವಿಡೀ ಸಂಸಾರ ಮಾಡಿಯೂ ತೀರ್ಮಾನಿಸಲಾಗಲಿಲ್ಲ. ಅದನ್ನು ಒಂದು ಕಂಪ್ಯೂಟರು ಅರ್ಧ ಗಂಟೆಯಲ್ಲಿ ಹೇಳುತ್ತದಂತೆ!

ಮಾವ ಕೆ.ಆರ್. ಪುರದ ಸಂತೆಯಲ್ಲಿ ದನದ ದಲ್ಲಾಳಿಯಾಗಿದ್ದವರು. ಅತ್ತೆ ಹೋದ ಮೇಲೆ, ಸೊಸೆಯ ಉಪ್ಪಿಟ್ಟಿಗೆ ಹೆದರಿ, ತಾವಾಗಿಯೇ ಹೊರಮಾವಿನ ವೃದ್ಧಾಶ್ರಮ ಸೇರಿದರು. ಚೌಕಾಸಿ ಮಾಡಿ ಸೇರಿಸಿದವನು ನಾನೇ, ಶಿವಾಜಿನಗರದಲ್ಲಿ ಗುಜರಿ ಮಾರಿ ಮೇಲೆ ಬಂದವನು. ನಿಮಗೂ ಹೇಳುತ್ತೇನೆ: ಇಂಥ ಜಾಗ ನೋಡಲು ಊಟದ ಹೊತ್ತಿಗೇ ಹೋಗಿ. ಫಿನಾಯಿಲ್ ವಾಸನೆಗೆ ಮರುಳಾಗಬೇಡಿ!

ಮಾವನ ಕೋಣೆಯಲ್ಲಿ ಇನ್ನೊಬ್ಬರಿದ್ದರು, ಅತ್ತರು ಮಾರುತ್ತಿದ್ದ ಸಾಹೇಬರು. ಉಂಡು ಬಾಯಿ ತೊಳೆದುಕೊಂಡು ಬಂದು, "ಊಟ ಯಾವಾಗ?" ಎನ್ನುವಷ್ಟು ಮರೆವು.

ಒಂದು ದಿನ ಡಾಕ್ಟರಮ್ಮ ಒಬ್ಬರು ಪರದೆ ಮುಟ್ಟಿ ಉತ್ತರಿಸುವ ಕಂಪ್ಯೂಟರ್ ತಂದರು. ಅದು ಒಂದು ಚಿತ್ರ ತೋರಿಸಿ ಮರೆಮಾಡುತ್ತದೆ. ಆಮೇಲೆ ಐದು ಚಿತ್ರ ಸಾಲಾಗಿಟ್ಟು, ಮೊದಲು ನೋಡಿದ್ದು ಯಾವುದು ಎನ್ನುತ್ತದೆ. ಮಾರ್ಕ್ಸು ಕಡಿಮೆಯಾದವರು ಮೇಲಿನ ಮಹಡಿಗೆ. ಅಲ್ಲಿ ಬಾಗಿಲಿಗೆ ಬೀಗ!

ಮೊದಲು ಮಾವ. ಪರದೆಯ ಮೇಲೆ ಹಸು ಬಂತು.

"ಇದೇನು ತಾತ?"

"ಮೊದ್ಲು ಅದ್ರ ಹಲ್ಲು ತೋರ್ಸಮ್ಮ, ಆಮೇಲೆ ಹೇಳ್ತೀನಿ."

"ಹಸು ಅಂದ್ರೆ ಸಾಕು ತಾತ!"

"ಅಷ್ಟು ಬೇಗ ಒಪ್ಕೊಂಡ್ರೆ ವ್ಯಾಪಾರ ಆಗುತ್ತಾ?"

"ಮಾವ, ಇಲ್ಲಿ ಫಿಕ್ಸೆಡ್ ರೇಟು," ಎಂದು ಕಿವಿಯಲ್ಲಿ ಉಸುರಿದೆ. ಆಮೇಲೆ ಮಾವ ಪಟಪಟನೆ ಮುಟ್ಟಿ ಗೆದ್ದರು.

ಸಾಹೇಬರ ಸರದಿ ಬಂದಾಗ ಮಾವ ಪಕ್ಕದಲ್ಲೇ ಕೂತು, ತಮ್ಮ ಟವೆಲನ್ನು ಇಬ್ಬರ ತೊಡೆಯ ಮೇಲೂ ಹರಡಿದರು. "ಇವ್ರಿಗೆ ಫ್ಯಾನ್ ಗಾಳಿ ಆಗಲ್ಲಮ್ಮ."

ಸಾಹೇಬರು ಮುಟ್ಟಿದ್ದೆಲ್ಲ ಸರಿ! ಬೆಳಗಿನ ಇಡ್ಲಿಯೇ ನೆನಪಿಲ್ಲದವರಿಗೆ ಇದು ಹೇಗೆ? ಡಾಕ್ಟರಮ್ಮ ಕಂಪ್ಯೂಟರ್ ಅಲುಗಾಡಿಸಿದರು. ನನಗೂ ತಲೆ ಕೆಟ್ಟಿತು. "ಸೆಕೆಂಡ್ ಹ್ಯಾಂಡಾ ಮೇಡಂ? ತಗೊಳ್ಳೋಕ್ ಮುಂಚೆ ನನ್ನ ಒಂದ್ಮಾತು ಕೇಳ್ಬಾರ್ದಾಗಿತ್ತಾ?"

ಅಷ್ಟರಲ್ಲಿ ಟವೆಲು ಜಾರಿತು. ದನದ ಸಂತೆಯಲ್ಲಿ ಸುತ್ತಲಿನವರಿಗೆ ಬೆಲೆ ತಿಳಿಯಬಾರದೆಂದು ಬಟ್ಟೆಯಡಿ ಬೆರಳು ಹಿಡಿದು ವ್ಯಾಪಾರ ಮುಗಿಸುತ್ತಾರಲ್ಲ, ಹಾಗೆ ಮಾವ ಸಾಹೇಬರ ಎಡಗೈಯ ನಾಲ್ಕು ಬೆರಳು ಹಿಡಿದಿದ್ದರು. ಪರದೆಯಲ್ಲಿ ಸರಿಯುತ್ತರ ನಾಲ್ಕನೆಯ ಚಿತ್ರ!

"ತಾತ, ಇದು ಮೋಸ ಅಲ್ವಾ?"

"ಮೋಸಾನೇ ಕಣಮ್ಮ. ಮೇಲ್ಗಡೆ ಇವ್ರಿಗೆ ಯಾರಿದಾರೆ? ಕಳ್ಸೋದಾದ್ರೆ ನನ್ನ ಮಾರ್ಕ್ಸೂ ಹೊಡ್ದಾಕಿ, ಇಬ್ರೂ ಹೋಗ್ತೀವಿ."

ಡಾಕ್ಟರಮ್ಮ ನನ್ನ ಮುಖ ನೋಡಿದರು. ಊರಿಗೆಲ್ಲ ಸಲಹೆ ಕೊಡುವ ನಾನು ಸಾಹೇಬರನ್ನೇ ಕೇಳಿದೆ: "ಇವ್ರ ಹೆಸ್ರೇನು ಸಾಹೇಬ್ರೇ?"

ಅವರು ಮಾವನ ಕಡೆ ತಿರುಗಿ ನೋಡಿದರು.

"ಹೆಸ್ರು ಗೊತ್ತಿಲ್ಲ ಭಾಯ್. ಪಕ್ಕದಿಂದ ಇವ್ರು ಎದ್ದೋದ್ರೆ ಮಾತ್ರ ನಂಗೆ ಗೊತ್ತಾಗುತ್ತೆ."

ಕೋಣೆ ಬದಲಾಯಿಸುವುದು ಬೇಡವೆಂದು ಹೇಳಿ ಡಾಕ್ಟರಮ್ಮ ಕಂಪ್ಯೂಟರ್ ಆರಿಸಿದರು. ಪರೀಕ್ಷೆ ಮುಗಿದಿತ್ತು. ಮಾವ ಇನ್ನೂ ಕೈ ಬಿಟ್ಟಿರಲಿಲ್ಲ.