ತಾರಸಿ ಮೇಲಿನ ಗೆದ್ದಲು

ಪ್ಯೋ ಗಿಚಲ್ ಸೋಮವಾರ ಸಂಜೆ ಫೋನಿನಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು. ಅದೂ ಇಡೀ ದೇಶದಲ್ಲಿ ಯಾರೂ ಮರುಪ್ರಶ್ನೆ ಹಾಕದಂಥ ಸುಳ್ಳು.

"ಮೆಂಗಣ್ಣಾ, ನಾಳೆ ಮಧ್ಯಾಹ್ನ ನಮ್ಮ ಹಾಡಿನ ಶೂಟಿಂಗಿಗೆ ಬರಕ್ಕಾಗಲ್ಲ. ಮಿಲಿಟರಿ ಟ್ರೈನಿಂಗ್ ಇದೆ."

"ಥೂ, ನಿಂಗೂನಾ?" ಎಂದ ಮೆಂಗಣ್ಣ. "ಸರಿ, ಹೋಗಿ ಸಾಯಿ. ಸಂಜೆ ಆರಕ್ಕೆ ಇಟ್ಕೊಳಣ."

ಆ 'ನಿಂಗೂನಾ' ಎಂಬ ಮಾತನ್ನು ಗಿಚಲ್ ಅಲ್ಲೇ ಹಿಡಿದು ನಿಲ್ಲಿಸಬೇಕಿತ್ತು. ಸುಳ್ಳು ದಕ್ಕಿತಲ್ಲ ಎಂಬ ಖುಷಿಯಲ್ಲಿ ಅದು ಅವನ ಕಿವಿಗೇ ಬೀಳಲಿಲ್ಲ.

ಸೈನ್ಯದ ಕಡ್ಡಾಯ ಸೇವೆ ಮುಗಿಸಿ ಬಂದ ಗಂಡಸೂ ಇನ್ನಷ್ಟು ವರ್ಷ ಮೀಸಲು ಪಡೆಯವನೇ. ಕಾಗದ ಬಂದ ದಿನ ಹೊಟ್ಟೆಗೆ ಬಿಗಿಯಾದ ಹಳೇ ಸಮವಸ್ತ್ರ ತೊಟ್ಟು ತರಬೇತಿಗೆ ಹೋಗಲೇಬೇಕು. ಹಾಗಾಗಿ 'ಟ್ರೈನಿಂಗ್ ಇದೆ' ಎಂದರೆ ಆಫೀಸಿನ ಸಾಹೇಬನೂ ಸುಮ್ಮನಾಗುತ್ತಾನೆ, ಮದುವೆಯಾಗಬೇಕಾದ ಹುಡುಗಿಯೂ ಸುಮ್ಮನಾಗುತ್ತಾಳೆ. ಗಿಚಲ್ ಈ ಮಂತ್ರವನ್ನು ಹಿಂದೆ ಎರಡು ಸಲ ತನ್ನ ಅಮ್ಮನ ಮೇಲೇ ಪ್ರಯೋಗಿಸಿದ್ದ. ಒಮ್ಮೆ ಸುಗ್ಗಿಯ ಹಬ್ಬ ಚುಸೊಕ್‌ಗೆ ಊರಿಗೆ ಹೋಗದೆ ತಪ್ಪಿಸಿಕೊಳ್ಳಲು, ಇನ್ನೊಮ್ಮೆ ಅವಳ ಅರವತ್ತನೇ ಹುಟ್ಟುಹಬ್ಬಕ್ಕೆ. ಅಂದು ಅವನಿಗೆ ಕ್ಲಬ್ಬಿನಲ್ಲಿ ಹತ್ತು ನಿಮಿಷದ ಹಾಡಿತ್ತು, ಕೇಳಲು ಏಳು ಜನ ಇದ್ದರು.

ಮಾಂಗ್ವೊನ್ ಮಾರ್ಕೆಟ್ಟಿನಲ್ಲಿ ಒಣಮೀನಿನ ಅಂಗಡಿಯೊಂದರ ಕೆಳಗೆ ನೆಲಮಾಳಿಗೆಯಿದೆ. ಅಲ್ಲಿ 'ಗೆದ್ದಲು' ಎಂಬ ರ‍್ಯಾಪ್ ತಂಡ. ನೆಲದಡಿಯಲ್ಲೇ ಇದ್ದು ಮೇಲಿನವರ ಅಟ್ಟ ಉರುಳಿಸುವವರು ಎಂದು ಅರ್ಥ. ಮೆಂಗಣ್ಣ, ಜೆಗಾಲ್, ತಾಕ್, ಗಿಚಲ್, ಒಟ್ಟು ನಾಲ್ಕೇ ಗೆದ್ದಲು. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದೇ ನಿಯಮ: 'ಟೀವಿಗೆ ಹೋದವನು ಗೆದ್ದಲಲ್ಲ.' ಅದರ ಹಿಂದೆ ಒಂದು ಪುರಾಣವೂ ಇತ್ತು. ಹತ್ತು ವರ್ಷದ ಹಿಂದೆ ಟೀವಿಯವರೇ ಮೆಂಗಣ್ಣನನ್ನು ದೊಡ್ಡ ರ‍್ಯಾಪ್ ಸ್ಪರ್ಧೆಗೆ ಕರೆದಿದ್ದರಂತೆ, ಅವನು ಹೋಗಲೇ ಇಲ್ಲವಂತೆ. ಹೊಂಗ್‌ದೆಯ ಕ್ಲಬ್ಬುಗಳಲ್ಲಿ ಇಂದಿಗೂ ಹುಡುಗರು ಮೆಂಗಣ್ಣನನ್ನು ಕಂಡರೆ ಸೊಂಟ ಬಗ್ಗಿಸಿ ನಮಸ್ಕರಿಸುತ್ತಾರೆ. "ಅವ್ರು ಅಸಲಿ" ಎನ್ನುತ್ತಾರೆ.

ಅಸಲಿತನದ ವಿಷಯದಲ್ಲಿ ಗಿಚಲ್‌ನದು ಸ್ವಲ್ಪ ಎಡವಟ್ಟು. ವೇದಿಕೆಯ ಮೇಲೆ ಅವನ ಹೆಸರು 'ಬೀಸುಕಲ್ಲು'. ತಣ್ಣೀರು ಕುಡಿದು ಮಲಗಿದ ಬಾಲ್ಯ, ಬೀದಿನಾಯಿಗಳ ಜೊತೆ ಬೆಳೆದ ಕತೆ, ಎಲ್ಲ ಅವನ ಹಾಡಲ್ಲಿತ್ತು. ನಿಜದಲ್ಲಿ ಗುನ್ಸಾನ್‌ನಲ್ಲಿ ಲಾಂಡ್ರಿ ಇಟ್ಟುಕೊಂಡ ಅವನ ಅಮ್ಮ ಹದಿನೈದು ದಿನಕ್ಕೊಮ್ಮೆ ತಾವರೆದಂಟಿನ ಪಲ್ಯ, ಹುರಿದ ಸಣ್ಣಮೀನು, ಎರಡು ಡಬ್ಬ ಎಲೆಕೋಸಿನ ಕಿಮ್ಚಿ ಪಾರ್ಸಲ್ ಮಾಡುತ್ತಿದ್ದಳು. ನಾಲ್ಕೂ ಗೆದ್ದಲುಗಳು ಅದನ್ನು ಹೊಟ್ಟೆಬಿರಿಯ ತಿಂದು, ತೇಗಿ, ಹಸಿವಿನ ಮೇಲೆ ಹಾಡು ಕಟ್ಟುತ್ತಿದ್ದವು. ಅಷ್ಟೇ ಅಲ್ಲ, ಈ ನೆಲದಡಿಯ ವೀರ ಬಾಡಿಗೆಗಿದ್ದದ್ದು ಐದನೇ ಮಹಡಿಯ ತಾರಸಿಯ ಒಂಟಿ ಕೋಣೆಯಲ್ಲಿ.

ಹಾಗಿದ್ದವನು ಟೀವಿ ಸ್ಪರ್ಧೆಗೆ ಅರ್ಜಿ ಹಾಕಿದ್ದಕ್ಕೆ ಕಾರಣ ಅಮ್ಮನೇ. ಲಾಂಡ್ರಿಯ ಎದುರಿನ ಔಷಧಿ ಅಂಗಡಿಯವಳ ಮಗ ಟೀವಿಯಲ್ಲಿ ಹವಾಮಾನ ಓದುತ್ತಾನೆ. ಆಕೆ ದಿನಾ ಬಂದು, "ನಿಮ್ಮ ಮಗ ಸಂಗೀತದಲ್ಲಿದಾನೆ ಅಂತೀರಲ್ಲ, ಯಾವ ಚಾನೆಲ್ಲು?" ಎಂದು ಕೇಳುತ್ತಾಳೆ. ಅಮ್ಮ ಇಸ್ತ್ರಿಪೆಟ್ಟಿಗೆಯ ಹಬೆಯ ಹಿಂದೆ ಮುಖ ಮರೆಸಿಕೊಳ್ಳುತ್ತಾಳೆ. ಒಂದೇ ಒಂದು ಸಲ ಅಮ್ಮ ತನ್ನನ್ನು ಟೀವಿಯಲ್ಲಿ ನೋಡಿಬಿಡಲಿ, ಆಮೇಲೆ ಗೆದ್ದಲುಗಳು ತನ್ನನ್ನು ಬೇಕಾದರೆ ಹೊರಗೆ ಹಾಕಲಿ ಎಂದು ಗಿಚಲ್ ಗಟ್ಟಿ ಮನಸ್ಸು ಮಾಡಿದ್ದ.

ಸುಳ್ಳು ಪಕ್ಕಾ ಆಗಿರಲಿ ಎಂದು ಭಾನುವಾರವೇ ಸಮವಸ್ತ್ರ ಒಗೆದು ತಾರಸಿಯಲ್ಲಿ ಹರವಿದ್ದ. ಮಂಗಳವಾರ ಬೆಳಿಗ್ಗೆ ಅದನ್ನೇ ತೊಟ್ಟು, ಬೂಟು ಬಿಗಿದು, ಮುಖಕ್ಕೆ ಮಾಸ್ಕ್ ಏರಿಸಿ ಕೆಳಗಿಳಿದ. ಮೆಟ್ಟಿಲ ಬುಡದಲ್ಲಿ ಮನೆಯೊಡತಿ ಓಕ್ ಅಜ್ಜಿ ಈರುಳ್ಳಿ ಸೊಪ್ಪು ಸೋಸುತ್ತಾ ಕೂತಿದ್ದಳು.

"ಹೊರಟ್ಯೇನೋ ಟ್ರೈನಿಂಗಿಗೆ?"

"ಹೂಂ ಅಜ್ಜಿ."

"ಒಳ್ಳೇ ಹುಡ್ಗ. ಕಳ್ಳಬೀಳ್ದೇ ಹೋಗ್ತೀಯಲ್ಲ, ಅಷ್ಟು ಸಾಕು" ಎಂದು ಅಜ್ಜಿ ಎರಡು ಬೆಂದ ಗೆಣಸನ್ನು ಅವನ ಜೇಬಿಗೆ ತುರುಕಿದಳು. ಗಿಚಲ್‌ಗೆ ಗೆಣಸಿಗಿಂತ ಆ ಮಾತಿನ ಬಿಸಿಯೇ ಹೆಚ್ಚು ತಟ್ಟಿತು.

ಸ್ಪರ್ಧೆಯ ಮೊದಲ ಸುತ್ತಿಗೆ ಒಳಾಂಗಣ ಕ್ರೀಡಾಂಗಣದಲ್ಲಿ ಸಾವಿರಾರು ಜನ ಸಾಲಾಗಿ ನೆಲದ ಮೇಲೆ ಕೂತಿದ್ದರು. ತೀರ್ಪುಗಾರ ಎದುರು ಬಂದು ನಿಂತಾಗ ಎದ್ದು, ತಾಳವಿಲ್ಲದೆ, ಮೂವತ್ತು ಸೆಕೆಂಡು ಹಾಡಬೇಕು. ಮೆಚ್ಚಿದರೆ ಹೆಗಲಿಗೆ ಒಂದು ನೀಲಿ ಟವೆಲ್, ಇಲ್ಲದಿದ್ದರೆ ಬಾಗಿಲು. ಗಿಚಲ್ ತಲೆ ತಗ್ಗಿಸಿ ತನ್ನ ಜಾಗ ಹುಡುಕಿ ಕೂತ. ಪಕ್ಕದಲ್ಲಿ ಇನ್ನೊಂದು ಜೊತೆ ಮಿಲಿಟರಿ ಬೂಟು ಕಂಡಿತು. ಬೂಟಿನಿಂದ ಕಣ್ಣು ಮೇಲಕ್ಕೆ ಏರಿತು.

ಜೆಗಾಲ್!

ಒಬ್ಬರ ಸಮವಸ್ತ್ರವನ್ನು ಇನ್ನೊಬ್ಬರು ಮೇಲಿಂದ ಕೆಳಗೆ ನೋಡಿದರು.

"ಏನೋ ಇಲ್ಲಿ?" ಎಂದ ಗಿಚಲ್.

"ಟ್ರೈನಿಂಗು" ಎಂದ ಜೆಗಾಲ್. "ನೀನು?"

"ನಾನೂ ಟ್ರೈನಿಂಗು."

"ಈ ಸಲ ಒಳಾಂಗಣದಲ್ಲಿ ಇಟ್ಟಿದಾರೆ."

"ಹೂಂ. ಬಿಸಿಲು ನೋಡು ಹೊರಗೆ."

ಆಗ ಮುಂದಿನ ಸಾಲಿನಿಂದ ಯಾರೋ ಗೊಳ್ಳೆಂದು ನಕ್ಕು, ನಕ್ಕಿದ್ದಕ್ಕೇ ನೋವಾಗಿ ಕೆನ್ನೆ ಹಿಡಿದುಕೊಂಡರು. ತಿರುಗಿದರೆ ತಾಕ್. ಹಲ್ಲು ಕೀಳಿಸಬೇಕೆಂದು ಮೆಂಗಣ್ಣನಿಗೆ ರಜೆ ಹೇಳಿದ್ದವನು ಸಾಕ್ಷಿಗೆ ಫೋಟೊ ಕಳಿಸಲು ಬಾಯಿತುಂಬ ಹತ್ತಿ ತುರುಕಿಕೊಂಡಿದ್ದ. ಅದರಲ್ಲೊಂದು ಉಂಡೆ ಒಳಗಡೆ ಸಿಕ್ಕಿಕೊಂಡು ಹೊರಗೆ ಬರುತ್ತಿರಲಿಲ್ಲ.

"ಮೆಂಗಣ್ಣಂಗೆ ಗೊತ್ತಾದ್ರೆ ಮೂವರ ಚರ್ಮಾನೂ ಮೀನಂಗಡೀಲಿ ಒಣಗ್ಹಾಕ್ತಾನೆ" ಎಂದ ಜೆಗಾಲ್. ಇಲ್ಲಿ ಯಾರೂ ಯಾರನ್ನೂ ನೋಡಿಲ್ಲ ಎಂದು ಮೂವರೂ ಗೆಣಸು ಹಂಚಿಕೊಂಡು ತಿಂದು ಆಣೆ ಮಾಡಿದರು.

ತಾಕ್ ಎದ್ದು ನಿಂತು ಬಾಯಿ ತೆರೆದದ್ದೇ ಬಾಗಿಲು ತೋರಿಸಿದರು. ಜೆಗಾಲ್‌ನ ಸಮವಸ್ತ್ರದ ಗುಂಡಿ ಹಾಡಿನ ಮೊದಲ ಸಾಲಿಗೇ ಸಿಡಿದು ತೀರ್ಪುಗಾರನ ಕನ್ನಡಕಕ್ಕೆ ಬಡಿಯಿತು. ಅವನ ಕತೆಯೂ ಮುಗಿಯಿತು. ಗಿಚಲ್ ಮಾಸ್ಕ್ ಇಳಿಸಿ ಎದ್ದ. ತಣ್ಣೀರು ಕುಡಿದು ಮಲಗಿದ ಹಾಡು ತೆಗೆದ. ಎರಡು ಸಾಲಿಗೇ ತೀರ್ಪುಗಾರ ಕೈ ಎತ್ತಿದ.

"ತಮ್ಮಾ, ಕೆನ್ನೆ ನೋಡಿದ್ರೆ ಮೂರು ಹೊತ್ತೂ ಉಂಡವನ ಹಾಗಿದೀಯ. ನಿಂದು ಅಂತ ಏನಾದ್ರೂ ಇದ್ರೆ ಹೇಳು, ಇಲ್ದಿದ್ರೆ ಜಾಗ ಬಿಡು."

ಗಿಚಲ್‌ನ ತಲೆ ಖಾಲಿಯಾಯಿತು. ಖಾಲಿ ತಲೆಯಲ್ಲಿ ಇಸ್ತ್ರಿಪೆಟ್ಟಿಗೆಯ ಹಬೆ ತುಂಬಿಕೊಂಡಿತು. ಬಾಯಿ ತಾನಾಗಿ ಶುರುಮಾಡಿತು:

"ನಮ್ಮಮ್ಮ ಇಸ್ತ್ರಿ ಹಾಕ್ತಾಳೆ ಊರವರ ಅಂಗಿಗೆ,
ಸುಕ್ಕೆಲ್ಲ ಎತ್ತಿಟ್ಕೊಂಡ್ಳು ತನ್ನದೇ ಅಂಗೈಗೆ.
ಎದುರ್ಮನೆ ಮಗ ಹೇಳ್ತಾನೆ ಟೀವೀಲಿ ಮಳೆ ಬಿಸಿಲು,
ಆ ಟೀವಿ ಮುಂದೆ ನಮ್ಮಮ್ಮಂದು ಬರೀ ನಿಟ್ಟುಸಿರು..."

ಸುತ್ತಲಿನ ಹುಡುಗರು ಚಪ್ಪಾಳೆಯಲ್ಲಿ ತಾಳ ಹಿಡಿದರು. ಮೂವತ್ತು ಸೆಕೆಂಡು ಮುಗಿದಾಗ ಜೆಗಾಲ್ ಬಾಗಿಲ ಬಳಿ ನಿಂತು ಮಾಸ್ಕಿನಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದ. ನೀಲಿ ಟವೆಲ್ ಗಿಚಲ್‌ನ ಹೆಗಲಿಗೆ ಬಿತ್ತು.

"ಎರಡನೇ ಸುತ್ತು ಇಪ್ಪತ್ಮೂರಕ್ಕೆ" ಎಂದಳು ಪಟ್ಟಿ ಹಿಡಿದ ಹುಡುಗಿ. "ಮನೆಯವರನ್ನ ಕರ್ಕೊಂಡ್ ಬನ್ನಿ. ಅಮ್ಮನ್ನಂತೂ ತಪ್ದೆ ಕರ್ಕೊಂಡ್ ಬನ್ನಿ, ಕ್ಯಾಮೆರಾ ಅವರ ಮೇಲೇ ಇರತ್ತೆ. ನೀವು ಬರ್ದಿದ್ರೆ ಜಾಗ ಮುಂದಿನವರಿಗೆ."

ಗಿಚಲ್ ಅಲ್ಲೇ ನಿಂತು ಅಮ್ಮನಿಗೆ ಫೋನು ಮಾಡಿದ. ಪಾಸಾದೆ, ಇಪ್ಪತ್ಮೂರಕ್ಕೆ ನೀನೂ ಕ್ಯಾಮೆರಾ ಮುಂದೆ ಬರ್ಬೇಕು ಎಂದ. ಇಸ್ತ್ರಿಪೆಟ್ಟಿಗೆ ಬುಸ್ಸೆಂದದ್ದು ಕೇಳಿತು. ಆಮೇಲೆ ಅವಳು ಬೀದಿಗೆ ಓಡಿ ಬಂದು ಔಷಧಿ ಅಂಗಡಿಯವಳನ್ನು ಹೆಸರು ಹಿಡಿದು ಕೂಗಿದ್ದೂ ಕೇಳಿತು.

ಬಸ್ಸಿನಲ್ಲಿ ಬರುವಾಗ ಟವೆಲನ್ನು ಬಿಡಿಸಿ ನೋಡುತ್ತಾ ಕೂತ. ಅಂಚಿಗೆ ಬಿಳಿಯ ಎರಡು ಗೆರೆ, ಮೂಲೆಯಲ್ಲಿ ಕಾರ್ಯಕ್ರಮದ ಹೆಸರಿನ ಕಸೂತಿ ಅಕ್ಷರ. ಎಲ್ಲೋ ನೋಡಿದ ಹಾಗಿದೆಯಲ್ಲ? ಆಮೇಲೆ ಹೊಳೆಯಿತು. ನೆಲಮಾಳಿಗೆಯ ಬಚ್ಚಲಲ್ಲಿ ವರ್ಷಗಟ್ಟಲೆಯಿಂದ ನಾಲ್ವರೂ ಕೈ ಒರೆಸುತ್ತಿದ್ದ ಮಾಸಲು ಟವೆಲಿಗೂ ಇದೇ ಅಂಚು. ಅದರ ಮೂಲೆಯಲ್ಲಿ ಮಾತ್ರ ಯಾರೋ ಅಕ್ಷರಗಳ ದಾರ ಬಿಚ್ಚಿ ತೆಗೆದಿದ್ದರು.

ಮನೆಗೆ ಬಂದರೆ ಓಕ್ ಅಜ್ಜಿ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಎಲ್ಲಿಗೋ ಹೋಗಿದ್ದೆ? ಟ್ರೈನಿಂಗ್ ಆಫೀಸಿನವ್ರು ಬಂದಿದ್ರು. ನೀನು ಬರ್ಲೇ ಇಲ್ವಂತೆ!"

"ಯಾವ ಟ್ರೈನಿಂಗು?"

"ಇವತ್ತಿಂದು ಕಣೋ! ಕಾಗ್ದ ಬಂದು ವಾರ ಆಯ್ತು. ನಾನೇ ಸೈನ್ ಹಾಕಿ ಫ್ರಿಜ್ ಮೇಲೆ ಅಂಟಿಸಿದ್ದೆ. ಕೊಡಣ ಅಂದ್ಕೊಂಡೆ, ನೀನು ಭಾನುವಾರವೇ ಯೂನಿಫಾರ್ಮ್ ಒಣಗ್ಹಾಕಿದ್ದೆ. ಓ, ಹುಡುಗಂಗೆ ಗೊತ್ತಿದೆ ಅಂತ ಸುಮ್ನಾದೆ."

ಸುಳ್ಳೆಂದು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

"ಹೆದರ್ಬೇಡ" ಎಂದಳು ಅಜ್ಜಿ. "ಪಾಪ, ಒಳ್ಳೇ ಹುಡ್ಗ, ಬೆಳಿಗ್ಗೆ ಯೂನಿಫಾರ್ಮ್ ಹಾಕ್ಕೊಂಡೇ ಹೋದ, ದಾರಿ ತಪ್ಪಿರ್ಬೇಕು ಅಂತ ಕಾಡಿ ಬೇಡಿ ಇನ್ನೊಂದು ದಿನ ಹಾಕಿಸಿದೀನಿ. ಆದ್ರೆ ಮೂರು ಸಲ ಮುಂದಕ್ಕೆ ಹಾಕಿಸಿ ಆಗಿದೆಯಂತೆ, ಇದೇ ಕೊನೇದಂತೆ. ತಪ್ಪಿದ್ರೆ ಪೊಲೀಸ್ ಕೇಸು." ಅಜ್ಜಿ ಹೊಸ ಕಾಗದ ಕೈಗಿತ್ತಳು.

ತಾರೀಕು ಇಪ್ಪತ್ಮೂರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು.

ನೆಲಮಾಳಿಗೆಗೆ ಬಂದಾಗ ಐದೂವರೆ. ಮೆಂಗಣ್ಣ ಒಬ್ಬನೇ ದೀಪ ಜೋಡಿಸುತ್ತಿದ್ದ. ಗಿಚಲ್ ಸೀದಾ ಬಚ್ಚಲಿಗೆ ಹೋಗಿ ಹಳೇ ಟವೆಲ್ ತಂದು, ಅದರ ಪಕ್ಕದಲ್ಲಿ ಹೊಸದನ್ನೂ ಕಾಗದವನ್ನೂ ಹರವಿದ. ಮೆಂಗಣ್ಣ ಎರಡೂ ಟವೆಲುಗಳನ್ನು ನೋಡಿದ. ಕಾಗದ ಓದಿದ. ಬೈಯುತ್ತಾನೆಂದು ಗಿಚಲ್ ಕಾದ. ಅವನು ಎದ್ದು ಬಾಗಿಲು ಮುಂದೆ ಮಾಡಿ ಬಂದ.

"ನಂದು ಹದಿನಾಲ್ಕನೇ ತಾರೀಕು" ಎಂದ.

"ಏನು ಹದಿನಾಲ್ಕು?"

"ಎರಡನೇ ಸುತ್ತು ಕಣೋ. ಅವತ್ತೇ ಟ್ರೈನಿಂಗ್ ಬಿತ್ತು. ಇಡೀ ದಿನ ಗುಡ್ಡದ ಮೇಲೆ ರಬ್ಬರ್ ಗನ್ ಹಿಡ್ಕೊಂಡು ಬಿದ್ದಿದ್ದೆ, ಅಳ್ತಾ. ಇಳಿದು ಬರೋ ಹೊತ್ತಿಗೆ ಊರೆಲ್ಲ ಸುದ್ದಿ, ಮೆಂಗ್ ಟೀವಿಗೆ ಉಗಿದು ಬಂದ ಅಂತ. ಹುಡುಗ್ರು ಹೆಗಲ ಮೇಲೆ ಹೊತ್ಕೊಂಡ್ರು. ಇಲ್ಲ ಕಣ್ರೋ, ಟ್ರೈನಿಂಗ್ ಇತ್ತು ಅಂದೆ. ನಕ್ಕುಬಿಟ್ರು. ಅಣ್ಣ ಎಷ್ಟು ದೊಡ್ಡವ್ನು, ಹೇಳ್ಕೊಳೋಕೂ ನಾಚ್ಕೊಳ್ತಾನೆ ಅಂದ್ರು. ಹತ್ತು ವರ್ಷದಿಂದ ಈ ಮರ್ಯಾದೆ ಒಬ್ಬನೇ ಹೊತ್ತು ಬೆನ್ನು ಬಿದ್ಹೋಗಿದೆ, ತಮ್ಮಾ." ಅವನ ಕಣ್ಣು ತುಂಬಿತ್ತು. "ಈಗ ನೀನು ಬಂದೆಯಲ್ಲ."

"ಅಣ್ಣಾ, ನಂಗೆ ಮರ್ಯಾದೆ ಬೇಡ. ನಮ್ಮಮ್ಮ ಬರ್ತಿದಾಳೆ!"

ಅಷ್ಟರಲ್ಲಿ ಜೆಗಾಲ್, ತಾಕ್ ಬಾಗಿಲು ತಳ್ಳಿ ಒಳಗೆ ಬಂದು, ಎದುರಿಗೇ ಹರವಿದ್ದ ನೀಲಿ ಟವೆಲ್ ಕಂಡು ಕಂಬವಾದರು. ಮೆಂಗಣ್ಣ ಹಳೇ ಟವೆಲನ್ನೂ ಕಾಗದವನ್ನೂ ಬೆನ್ನ ಹಿಂದೆ ಸರಿಸಿ, ಗಿಚಲ್‌ನ ಬೂಟನ್ನು ಬಲವಾಗಿ ತುಳಿದು, ಗಂಟಲು ಸರಿಮಾಡಿಕೊಂಡ.

"ಗಿಚಲ್ ಎಲ್ಲಾ ಒಪ್ಕೊಂಡ. ಪಾಸಾಗಿದಾನೆ. ಆದ್ರೆ ಎರಡನೇ ಸುತ್ತಿಗೆ ಹೋಗಲ್ಲ ಅಂತ ಟವೆಲ್ ನನ್ನ ಕಾಲ ಹತ್ರ ಇಟ್ಟ."

"ಇಲ್ಲ ಕಣ್ರೋ" ಎಂದ ಗಿಚಲ್, "ಆ ದಿನ ಟ್ರೈನಿಂಗ್ ಇದೆ..."

ಜೆಗಾಲ್ ಅವನನ್ನು ತಬ್ಬಿಕೊಂಡು ಅತ್ತೇಬಿಟ್ಟ. "ಟ್ರೈನಿಂಗಂತೆ! ನನ್ನ ಹತ್ರಾನೇ ಈ ನಾಟಕಾನಾ? ನೀನು ಅಸಲಿ ಕಣೋ!" ತಾಕ್ ಹತ್ತಿ ತುಂಬಿದ ಬಾಯಲ್ಲೇ ಅದಕ್ಕೆ ಹೂಂಗುಟ್ಟಿದ. ಮೆಂಗಣ್ಣ ಕ್ಯಾಮೆರಾ ಹಚ್ಚಿ ಗಿಚಲ್‌ನನ್ನು ಎಲ್ಲರ ಮುಂದೆ ನಡುವಿಗೆ ನಿಲ್ಲಿಸಿದ.

ಜೇಬಿನಲ್ಲಿ ಫೋನು ನಡುಗಿತು. ಅಮ್ಮ.

"ಬಸ್ ಟಿಕೆಟ್ ತಗೊಂಡೆ ಕಣೋ, ಔಷಧಿ ಅಂಗಡಿಯವಳೂ ಬರ್ತಾಳೆ. ಲಾಂಡ್ರಿ ಬಾಗಿಲಿಗೆ ಬೋರ್ಡೂ ಹಾಕಿದೆ, ಮಗನ ಟೀವಿ ಕಾರ್ಯಕ್ರಮ, ಇಪ್ಪತ್ಮೂರಕ್ಕೆ ರಜಾ ಅಂತ."

"ಅಮ್ಮಾ..." ಎಂದ ಗಿಚಲ್. "ಆ ದಿನ ನಂಗೆ ಮಿಲಿಟರಿ ಟ್ರೈನಿಂಗ್ ಬಿದ್ದಿದೆಯಮ್ಮಾ."

ಅತ್ತ ಕಡೆ ಅಮ್ಮ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ ಸದ್ದು ಕೇಳಿತು.

"ಚುಸೊಕ್ ದಿನಾನೂ ಟ್ರೈನಿಂಗ್ ಅಂದಿದ್ದೆ" ಎಂದಳು ಅಮ್ಮ. "ಹಬ್ಬದ ದಿನ ಯಾವ ದೇಶದಲ್ಲೋ ಟ್ರೈನಿಂಗು? ಅವತ್ತೂ ಕೇಳ್ಲಿಲ್ಲ ನಾನು. ಅಮ್ಮನ್ನ ಕ್ಯಾಮೆರಾ ಮುಂದೆ ಕೂರಿಸ್ಕೊಳೋಕೆ ನಾಚ್ಕೆ ಆದ್ರೆ ನೇರವಾಗಿ ಹೇಳು, ಹಿಂದಿನ ಸಾಲಲ್ಲಿ ಕೂರ್ತೀನಿ." ಫೋನಿಟ್ಟಳು.

ಗಿಚಲ್ ಮೆಂಗಣ್ಣ ಅಡಗಿಸಿದ್ದ ಸರ್ಕಾರದ ಕಾಗದವನ್ನು ಹೊರಗೆಳೆದು ಫೋಟೊ ತೆಗೆದ. ತಾರೀಕು, ಸಹಿ, ಕೆಂಪು ಮುದ್ರೆ ಎಲ್ಲ ಸ್ಪಷ್ಟವಾಗಿ ಕಾಣುವಂತೆ ಹಿಡಿದು ಅಮ್ಮನಿಗೆ ಕಳಿಸಿದ. ಉತ್ತರ ತಕ್ಷಣವೇ ಬಂತು.

"ಮುದ್ರೆ ತುಂಬಾ ಚೆನ್ನಾಗಿ ಬಂದಿದೆ. ಯಾರ ಕೈಲಿ ಮಾಡಿಸ್ದೆ? ಬಸ್ಸು ಬೆಳಿಗ್ಗೆ ಹತ್ತಕ್ಕೆ ಬರತ್ತೆ, ಸ್ಟ್ಯಾಂಡಿಗೆ ಬಾ."