‘ನಡೀರಿ’ ಅನ್ನಬಾರದ ಮೂರು ದಿನ

ನಮ್ಮ ಕಾಕಾ ಹುಟ್ಟುವಾಗಲೂ ಅವಸರ ಮಾಡಿದವನು. ಸೂಲಗಿತ್ತಿ ಅಂಗಳಕ್ಕೆ ಕಾಲಿಡುವ ಮೊದಲೇ ಹುಟ್ಟಿ, ಆಕೆ ಒಳಗೆ ಬಂದಾಗ ‘ಇಷ್ಟೊತ್ತು ಎಲ್ಲಿದ್ದೆ?’ ಎಂಬಂತೆ ನೋಡಿದನಂತೆ. ಇದನ್ನು ಹೇಳಿದವಳು ನನ್ನ ಅಜ್ಜಿ. ಅಜ್ಜಿಯ ಮಾತಿಗೆ ಉಪ್ಪುಖಾರ ಸ್ವಲ್ಪ ಜಾಸ್ತಿ, ಒಪ್ಪುತ್ತೇನೆ. ಆದರೆ ಕಾಕಾನ ಜೊತೆ ಒಮ್ಮೆ ಪ್ರಯಾಣ ಮಾಡಿದವರು ಯಾರೂ ಈ ಕತೆಯನ್ನು ಸುಳ್ಳು ಎನ್ನಲಾರರು!

ಬೆಲ್ಲದ ಬಾಗೇವಾಡಿಯಲ್ಲಿ ಅವನಿಗೆ ಒಂದು ಎಮ್ಮೆ, ಒಂದಿಷ್ಟು ಕಬ್ಬು, ಒಬ್ಬಳು ಹೆಂಡತಿ. ಈ ಅನುಕ್ರಮ ನನ್ನದಲ್ಲ, ಆ ಹೆಂಡತಿಯದು, ಅಂದರೆ ನಮ್ಮ ಕಾಕುವಿನದು. ಕಾಕಾನ ಬಾಯಲ್ಲಿ ಸದಾ ಇರುವ ಮಾತು ‘ನಡೀರಿ’. ಮದುವೆಗೆ ಹೋದರೆ ಅಕ್ಕಿಕಾಳು ಮದುಮಕ್ಕಳ ತಲೆಗೆ ಬೀಳುವಷ್ಟರಲ್ಲಿ ಅವನು ಪಂಕ್ತಿಯಲ್ಲಿರುತ್ತಾನೆ. ಉಳಿದವರು ಪಂಕ್ತಿಗೆ ಬರುವಷ್ಟರಲ್ಲಿ ಬಸ್‌ಸ್ಟ್ಯಾಂಡಿನಲ್ಲಿ! ಹುಕ್ಕೇರಿ ಸಂತೆಯಲ್ಲಿ ಕಾಯಿಪಲ್ಲೆಯವರು ಚೀಲ ಬಿಚ್ಚುವ ಮೊದಲೇ ಹೋಗಿ ನಿಂತು, ಸಂತೆ ಇನ್ನೂ ಯಾಕೆ ಕೂಡಿಲ್ಲ ಎಂದು ಅವರನ್ನೇ ದಬಾಯಿಸುತ್ತಾನೆ.

ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಒಗೆದು ಸೀಟು ಹಿಡಿಯುವುದು ನಮ್ಮ ಕಡೆ ಎಲ್ಲರಿಗೂ ಬರುವ ವಿದ್ಯೆ. ಟವೆಲ್ ಬಿದ್ದ ಸೀಟಿನಲ್ಲಿ ಇನ್ನೊಬ್ಬರು ಕೂಡ್ರುವಂತಿಲ್ಲ. ಅದು ಕೋರ್ಟಿನ ತಡೆಯಾಜ್ಞೆಗಿಂತ ಗಟ್ಟಿ. ಕಾಕಾನಿಗೆ ಈ ವಿದ್ಯೆ ಕೈಗೆ ಹತ್ತಿದ್ದಕ್ಕಿಂತ ನೆತ್ತಿಗೆ ಹತ್ತಿದ್ದೇ ಹೆಚ್ಚು. ಒಮ್ಮೆ ಹುಕ್ಕೇರಿ ಸ್ಟ್ಯಾಂಡಿನಲ್ಲಿ ಅವನು ಗುರಿಯಿಟ್ಟು ಒಗೆದ ಬಸ್ಸು ನಿಲ್ಲಲೇ ಇಲ್ಲ. ಟವೆಲ್ ಕಿಟಕಿ ಪಕ್ಕದಲ್ಲಿ ಕುಳಿತು ಸಂಕೇಶ್ವರಕ್ಕೆ ಹೋಯಿತು. ಸಂಜೆ ಅದೇ ಕಂಡಕ್ಟರು ಅದನ್ನು ಮಡಚಿ ತಂದು ಕೊಟ್ಟು ಹೇಳಿದನಂತೆ: “ನಿಮ್ಮ ಟಾವೆಲ್ ಆರಾಮ ಕುಂತು ಹೋಗಿ ಬಂತ್ರಿ. ನೀವಷ್ಟ ಉಳದ್ರಿ.”

ಇದನ್ನೆಲ್ಲ ಹೇಳಿಕೊಂಡು ನಾವು ನಗುತ್ತೇವೆ. ಕಾಕು ಮಾತ್ರ ನಗುವುದಿಲ್ಲ. ಯಾಕೆ ನಗಬೇಕು ಪಾಪ? ಮದುವೆಯಾದ ಹೊಸದರಲ್ಲಿ ಕಾಕಾ ಅವಳನ್ನು ಗೋಕಾಕ ಫಾಲ್ಸಿಗೆ ಕರೆದುಕೊಂಡು ಹೋಗಿದ್ದ. ತೂಗುಸೇತುವೆಯ ನಡುವಿಗೆ ಬಂದು ಕಾಕು ನೀರು ನೋಡುತ್ತ ನಿಂತಿದ್ದಾಗ, ದೂರದಲ್ಲಿ ಯಾವುದೋ ಬಸ್ಸು ಹಾರ್ನ್ ಹೊಡೆಯಿತು. ‘ನಡೀರಿ!’ ಅಷ್ಟೇ. ಆ ಬಸ್ಸು ನಮ್ಮೂರಿನದೂ ಆಗಿರಲಿಲ್ಲ. ಸೇತುವೆಯ ಆಚೆ ತುದಿಯಲ್ಲಿ ಏನಿದೆ ಎಂಬುದು ಕಾಕುವಿಗೆ ಇವತ್ತಿಗೂ ಗೊತ್ತಿಲ್ಲ. ಕೊಲ್ಲಾಪುರದಲ್ಲಿ ದೇವಿಯ ಮುಖ ಕಂಡಳು, ಪಾದ ಕಾಣಲಿಲ್ಲ. ವಿಜಯಪುರದಲ್ಲಿ ಗುಮ್ಮಟದ ಮೆಟ್ಟಿಲನ್ನಷ್ಟೇ ಹತ್ತಿ ಇಳಿದಳು. ಜೀವನವಿಡೀ ಊರೆಲ್ಲ ಅರ್ಧರ್ಧ ನೋಡಿದ ಹೆಂಗಸು ನಮ್ಮ ಕಾಕು.

ಈ ಸಲದ ಬೇಸಿಗೆ ರಜೆಗೆ ಮೂಡಲಗಿಯಿಂದ ಅವರ ಮಗಳು ತವರಿಗೆ ಬಂದಿದ್ದಳು. ಎಮ್ಮೆಯನ್ನು ತಾನು ನೋಡಿಕೊಳ್ಳುತ್ತೇನೆ ಎಂದು ಅವಳು ಮಾತು ಕೊಟ್ಟದ್ದೇ ತಡ, ಕಾಕು ರೊಟ್ಟಿ ಬಡಿಯುತ್ತ, ಕೈ ನಿಲ್ಲಿಸದೆ, ತನ್ನ ಷರತ್ತು ಹೇಳಿದಳು.

“ಪುಣೇಕ್ಕ ಹೋಗೂಣು. ಎರಡ ರಾತ್ರಿ ಇದ್ದು ಸೋಮವಾರ ಮಧ್ಯಾಹ್ನದ ಬಸ್ಸಿಗೆ ಬರೂಣು. ನಡುವ ಒಮ್ಮೆ ನಡೀರಿ ಅಂದ್ರೂ, ಮುಂದ ನಿಮ್ಮ ಸಂಗಾಟ ನಾ ಹೊಸ್ತಲಾ ದಾಟಾಂಗಿಲ್ಲ.”

ಕಾಕಾ ನಕ್ಕ. ಆಮೇಲೆ ಅವಳ ಮುಖ ನೋಡಿ ನಗುವುದನ್ನು ನಿಲ್ಲಿಸಿದ. ಕಾಕು ಸಿಟ್ಟಿಗೆದ್ದು ಬೈದಿದ್ದರೆ ನಾವ್ಯಾರೂ ಹೆದರುತ್ತಿರಲಿಲ್ಲ. ಅವಳು ಸಮಾಧಾನದಿಂದ ಹೇಳಿದ್ದಳು, ಹೇಳಿದ ಹಾಗೆ ಮಾಡುವವಳೂ ಹೌದು. ಗೋಕಾಕದ ಸಾಲಿಯಲ್ಲಿ ಮಕ್ಕಳಿಗೆ ಗಣಿತ ಕಲಿಸುವ ನಾನು ಸೂಟಿಯಲ್ಲಿ ಖಾಲಿ ಕುಳಿತಿದ್ದೆನಲ್ಲ, ಇಬ್ಬರ ನಡುವೆ ತೀರ್ಪು ಹೇಳುವವಳೆಂದು ಕಾಕು ನನ್ನನ್ನೂ ಹೊರಡಿಸಿದಳು. ದಾರಿಗೆ ಬುತ್ತಿ ಮಾತ್ರ ಕಟ್ಟಲಿಲ್ಲ. ಬುತ್ತಿ ಇದ್ದರೆ ಈ ಮನುಷ್ಯ ಪುಣೆಯ ಸ್ಟ್ಯಾಂಡಿನಲ್ಲೇ ಉಂಡು, ಅಲ್ಲಿಂದಲೇ ತಿರುಗಿ ಕರೆತರುತ್ತಾನೆಂಬುದು ಅವಳ ಲೆಕ್ಕಾಚಾರ.

ಶನಿವಾರ ಹತ್ತರಗಿಯ ಹೈವೇ ಬದಿಯಲ್ಲಿ ಬಸ್ಸಿಗೆ ನಿಂತೆವು. ನಿಂತೆವು ಎಂದರೆ ಹೇಗೆ? ಆ ಹೊತ್ತಿಗೆ ನಮ್ಮ ಬಸ್ಸು ಇನ್ನೂ ಬೆಳಗಾವಿಯನ್ನೇ ಬಿಟ್ಟಿರಲಿಕ್ಕಿಲ್ಲ! ಕೊನೆಗೆ ಬಂತು ಎನ್ನಿ, ಗಾಜು ಮುಚ್ಚಿದ ತಂಪು ಬಸ್ಸು. ಕಾಕಾ ಓಡಿಹೋಗಿ ರೂಢಿಯಂತೆ ಟವೆಲ್ ಒಗೆದ. ಅದು ಗಾಜಿಗೆ ಬಡಿದು, ನಿಧಾನವಾಗಿ ಜಾರಿ, ಅವನ ಕಾಲ ಬಳಿಯೇ ಬಿತ್ತು. ಸೀಟಿನ ನಂಬರು ಟಿಕೆಟ್ಟಿನಲ್ಲೇ ಇದೆಯೆಂದು ನಾನು ತಿಳಿಸಿ ಹೇಳಿದೆ. “ನಂಬರ ಇದ್ರೇನಾತು ತಂಗಿ, ಅದರ ಮ್ಯಾಲ ಯಾರರ ಕುಂತ್ರ?” ಎಂದ.

ಪುಣೆಯಲ್ಲಿ ಮೊದಲು ಮಿಸಳ್ ತಿನ್ನಲು ಹೋದೆವು. ಹೋಟೆಲಿನ ಹೊರಗೆ ಜನ ಸಾಲಾಗಿ ನಿಂತಿದ್ದರು. ಸಾಲಿನಲ್ಲಿ ನಿಲ್ಲುವ ಜನ್ಮವೇ ಕಾಕಾನದು? ಒಳಗೆ ಹೋಗಿ, ಮೂಲೆಯ ಟೇಬಲ್ಲಿನಲ್ಲಿ ಇನ್ನೂ ತಿನ್ನುತ್ತಿದ್ದ ಒಬ್ಬ ಮರಾಠಿ ಅಜ್ಜಿಯ ತಟ್ಟೆಯ ಪಕ್ಕದಲ್ಲಿ ಟವೆಲ್ ಇಟ್ಟು ಬಂದು, ಸೀಟು ಹಿಡಿದೆ ಎಂದು ನಮ್ಮತ್ತ ಕಣ್ಣು ಹೊಡೆದ. ಅಜ್ಜಿ ಶಾಂತವಾಗಿ ಮಿಸಳ್ ಮುಗಿಸಿದರು. ಆಮೇಲೆ ಆ ಟವೆಲ್ಲಿಗೇ ಕೈ ಒರೆಸಿ, ಬಾಯಿ ಒರೆಸಿ, ಇಂಥ ಒಳ್ಳೆಯ ವ್ಯವಸ್ಥೆ ಬೇರೆಲ್ಲೂ ಇಲ್ಲವೆಂದು ಮಾಲೀಕನನ್ನು ಹೊಗಳಿ ಹೊರಟರು. ನಮಗೆ ಟೇಬಲ್ ಸಿಕ್ಕಿತು, ಕಾಕಾನ ಹೆಗಲಿಗೆ ಆ ಮೂರೂ ದಿನ ಮಿಸಳ್ ವಾಸನೆ ಹತ್ತಿತು.

ಅವನ ಒದ್ದಾಟ ನೋಡುವಂತಿತ್ತು. ಆ ಒಂದು ಮಾತನ್ನು ಆಡುವ ಹಾಗಿಲ್ಲವಲ್ಲ, ಅದು ಮೈಯ ಬೇರೆ ಬೇರೆ ಭಾಗಗಳಿಂದ ಹೊರಬೀಳತೊಡಗಿತು. ಒಮ್ಮೆ ಕೆಮ್ಮುತ್ತಿದ್ದ. ಒಮ್ಮೆ ಎದ್ದು ನಿಂತು ಸುಮ್ಮನೆ ಪ್ಯಾಂಟು ಜಾಡಿಸುತ್ತಿದ್ದ. ಸುಡುಬಿಸಿಲಿನಲ್ಲಿ ಆಕಾಶ ನೋಡಿ ಮಳೆ ಬರುವ ಲಕ್ಷಣ ಇದೆ ಎನ್ನುತ್ತಿದ್ದ. ತಿಂಡಿ ಹೇಳುವಾಗಲೇ ಬಿಲ್ಲನ್ನೂ ತರಲು ಹೇಳುತ್ತಿದ್ದ. ಲಾಡ್ಜಿನಲ್ಲಿ ಮಂಚದ ತುದಿಯಲ್ಲಿ, ಚಪ್ಪಲಿ ಮೆಟ್ಟಿಕೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು ಕೂಡ್ರುತ್ತಿದ್ದ. ಕಾಕು ಪ್ರತಿ ಸಲವೂ ತಲೆಯೆತ್ತಿ, ಏನಾದರೂ ಅಂದಿರೇನು ಎಂದು ಕೇಳುವಳು. ಏನೂ ಇಲ್ಲ ಎಂದು ಅವನು ಮತ್ತೆ ಕೂಡ್ರುವನು. ನಾನು ಇಬ್ಬರ ನಡುವೆ ಉಸಿರು ಹಿಡಿದು ಇರುತ್ತಿದ್ದೆ. ನನ್ನ ಸ್ವಂತ ಪರೀಕ್ಷೆಗೂ ನಾನು ಇಷ್ಟು ಹೆದರಿದವಳಲ್ಲ.

ಶನಿವಾರವಾಡಾದ ಆನೆಯೆತ್ತರದ ಬಾಗಿಲು ದಾಟಿ ಒಳಗೆ ಹೋದರೆ ಅರಮನೆಯೇ ಇಲ್ಲ! ಎಂದೋ ಸುಟ್ಟುಹೋಗಿ ಈಗ ಬರೀ ಬುನಾದಿಯ ಕಟ್ಟೆಗಳು ಉಳಿದಿವೆ. ಕಾಕಾನ ಮುಖ ಅರಳಿತು. ನೋಡಲು ಏನೂ ಇಲ್ಲದಿದ್ದರೆ ಎಷ್ಟು ಹೊತ್ತು ನೋಡಿಯಾರು? ಆದರೆ ಕಾಕು ಆ ಕಟ್ಟೆಗಳ ನಡುವೆ ನಡೆದಾಡುತ್ತ ಮನೆ ಕಟ್ಟಲು ಶುರು ಮಾಡಿದಳು. ಇದು ಅಡುಗೆಮನೆ ಇರಬೇಕು, ಗಾಳಿ ಈ ಕಡೆಯಿಂದ ಬರುತ್ತದೆ. ಇದು ದೇವರ ಜಗುಲಿ. ಇಲ್ಲಿ ಬಾಣಂತಿಕೋಣೆ, ಅಲ್ಲಿ ಬಿಸಿಲಿಗೆ ಹಪ್ಪಳ. ಬಿಸಿಲು ಇಳಿಯುವಷ್ಟರಲ್ಲಿ ಪೇಶ್ವೆಯವರ ಇಡೀ ಸಂಸಾರವನ್ನೇ ಅವಳು ಮತ್ತೆ ಹೂಡಿಕೊಟ್ಟಳು. ಕಾಕಾ ಹೋಗಿ ಕಾವಲುಗಾರನ ಹತ್ತಿರ ನಿಂತು, ಬಾಗಿಲು ಎಷ್ಟೊತ್ತಿಗೆ ಮುಚ್ಚುತ್ತೀರೆಂದು ಕೇಳಿದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದ. ಆ ಮನುಷ್ಯ ಕೊನೆಗೆ, ನಿಮಗೆ ಕೆಲಸ ಬೇಕಾಗಿದೆಯೇ ಎಂದ.

ಭಾನುವಾರ ಪ್ರಾಣಿಸಂಗ್ರಹಾಲಯ. ಅಲ್ಲಿ ಒಂದು ಕರಡಿ ಬೇಲಿಯುದ್ದಕ್ಕೂ ಈ ತುದಿಯಿಂದ ಆ ತುದಿಗೆ ಹೋಗಿ ತಿರುಗಿ ಬರುತ್ತಿತ್ತು. ಕಾಕಾನೂ ಬೇಲಿಯ ಈಚೆ, ಕೈ ಹಿಂದೆ ಕಟ್ಟಿಕೊಂಡು, ಅದರ ಜೊತೆಗೇ ಹೋಗಿ ಅದರ ಜೊತೆಗೇ ತಿರುಗುತ್ತಿದ್ದ. ಇಬ್ಬರ ಮುಖದಲ್ಲೂ ಒಂದೇ ಚಿಂತೆ. ನೋಡುತ್ತ ನಿಂತಿದ್ದ ಮಂದಿ ಕರಡಿಯನ್ನು ಬಿಟ್ಟು ಕಾಕಾನ ಫೋಟೋ ತೆಗೆಯತೊಡಗಿದರು. ಕಾಕು ಸೆರಗು ಬಾಯಿಗೆ ಹಿಡಿದು ನಕ್ಕಳು. ಅವಳು ಹಾಗೆ ಮೈಮರೆತು ನಗುವುದನ್ನು ನಾನು ನೋಡಿದ್ದು ಅದೇ ಮೊದಲು, ನನಗೆ ಬಹಳ ಖುಷಿಯಾಯಿತು.

ಅಲ್ಲಿಂದ ಬಂದು ಮಸ್ತಾನಿ ಕುಡಿದೆವು. ಎತ್ತರದ ಗ್ಲಾಸಿನಲ್ಲಿ ಮಾವಿನ ಹಾಲು, ಅದರ ಮೇಲೆ ಐಸ್‌ಕ್ರೀಮು. ಚಮಚದಲ್ಲಿ ಸಾವಕಾಶ ತಿನ್ನುವ ವಸ್ತು. ನಮ್ಮವನು ಅದನ್ನು ಮಜ್ಜಿಗೆಯಂತೆ ಎತ್ತಿ ಗಟಗಟ ಇಳಿಸಿದ! ಮರುಕ್ಷಣವೇ ಹಣೆ ಹಿಡಿದುಕೊಂಡು, ಕಣ್ಣು ಮೇಲೆ ಮಾಡಿ, ಕಲ್ಲಾಗಿ ಕುಳಿತ. ನಾನು ಗಾಬರಿಯಾದೆ. ಕಾಕು ಒಂದು ಚಮಚ ಬಾಯಿಗಿಟ್ಟುಕೊಂಡು, ಗಾಬರಿ ಬೇಡ, ಥಂಡಿ ನೆತ್ತಿಗೇರಿದೆ ಅಷ್ಟೇ, ತಾನಾಗಿ ಇಳಿಯುತ್ತದೆ ಎಂದಳು. ಇಳಿಯುವಷ್ಟರಲ್ಲಿ ಇನ್ನೊಂದು ಮಸ್ತಾನಿ ತರಿಸಿದಳು. ಅವಳ ಲಗ್ನದ ನಂತರ ಗಂಡ ಇಷ್ಟು ಹೊತ್ತು ಅಲುಗಾಡದೆ ಕುಳಿತದ್ದು ಅಲ್ಲಿಯೇ ಇರಬೇಕು.

ಆ ಸಂಜೆ ಗಂಡಾಂತರ ಬಂತು. ತುಳಶಿಬಾಗ್ ಪೇಟೆಯ ಗದ್ದಲದಲ್ಲಿ ಕಾಕು ಬಳೆ ನೋಡುತ್ತಿದ್ದಾಗ ಮಗಳ ಫೋನು. ಕಾಕಾ ಬೆಳಗಿನಿಂದ ಎಷ್ಟೋ ಸಲ ಮಾಡಿದ್ದ, ಎಮ್ಮೆ ಆರಾಮಾಗಿದೆ, ನಿಮ್ಮನ್ನೇನೂ ಕೇಳುತ್ತಿಲ್ಲ ಎಂದು ಬೈಸಿಕೊಂಡೂ ಇದ್ದ. ಈ ಸಲ ಅವಳೇ ಮಾಡಿದ್ದಳು. ಎಮ್ಮೆ ಹಾಲು ಬಿಡುತ್ತಿಲ್ಲ, ಒದೆಯುತ್ತಿದೆ. ಕಾಕಾನ ಕಣ್ಣು ಮಿಂಚಿತು. ಇದಕ್ಕಿಂತ ದೊಡ್ಡ ಕಾರಣ ದೇವರೂ ಕೊಡಲಾರ! ಬಾಯಿ ತೆರೆದ. ಕಾಕುವಿನ ಕೈಯಲ್ಲಿ ಹಸಿರು ಬಳೆ ಅರ್ಧ ಏರಿತ್ತು. ಅವಳು ಅದನ್ನು ಮೆಲ್ಲಗೆ ಹಿಂದಕ್ಕೆ ತೆಗೆಯತೊಡಗಿದಳು. ಮುಗಿಯಿತು, ಇದೂ ಅರ್ಧಕ್ಕೇ ಎಂದುಕೊಂಡೆ.

ಕಾಕಾ ಬಾಯಿ ಮುಚ್ಚಿದ. ಹೊರಗೆ ಹೋಗಿ ಅಂಗಡಿಗಳ ಮುಂದೆ ಆ ಕರಡಿಯಂತೆಯೇ ಎರಡು ಸುತ್ತು ತಿರುಗಿ ಬಂದ. ಆಮೇಲೆ ಮಗಳಿಗೆ ಫೋನು ಹಚ್ಚಿ, ಕಾಕುವಿನ ಹಳೆಯ ಸೀರೆ ಉಟ್ಟು ಹಿಂಡಲು ಕೂಡ್ರು, ದಿನಾ ಹಿಂಡುವವಳ ವಾಸನೆ ಹಿಡಿದರೆ ಬಿಡುತ್ತದೆ ಎಂದ. ಎಮ್ಮೆ ಹಾಲು ಬಿಟ್ಟಿತು. ಎಮ್ಮೆಗೇ ಮೋಸ ಮಾಡಿದ್ದಕ್ಕೆ ಕಾಕಾ ಊಟದ ತನಕ ಮುಖ ಊದಿಸಿಕೊಂಡಿದ್ದ, ಆದರೆ ಕಾಕು ಎರಡೂ ಕೈ ತುಂಬ ಬಳೆ ಇಡಿಸಿಕೊಂಡಳು.

ಸೋಮವಾರ ಮಧ್ಯಾಹ್ನ ಮೂರಕ್ಕೆ ಬಸ್ಸು. ಕಾಕಾ ಬೆಳಿಗ್ಗೆಯೇ ಲಾಡ್ಜ್ ಖಾಲಿ ಮಾಡಿಸಿ, ಬಸ್ಸು ನಿಲ್ಲುವ ಜಾಗಕ್ಕೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಒಂದು ತೋಟ ಹುಡುಕಿ ನಮ್ಮನ್ನು ತಂದು ಕೂಡಿಸಿದ್ದ. ದೊಡ್ಡ ಮರದ ನೆರಳಿನಲ್ಲಿ ಒಂದು ಬೆಂಚು. ಮಕ್ಕಳು ಹುಲ್ಲಿನ ಮೇಲೆ ಉರುಳಾಡುತ್ತಿದ್ದರು. ಕಾಕು ಸ್ವಲ್ಪ ಹೊತ್ತು ಅವರನ್ನು ನೋಡಿದಳು. ನಾನು ನೀರು ತರಲು ಹೋಗಿ ತಿರುಗಿ ಬಂದಾಗ ಅವಳ ತಲೆ ಕಾಕಾನ ಹೆಗಲ ಮೇಲಿತ್ತು. ಬಾಯಿ ತುಸು ತೆರೆದಿತ್ತು. ಗಾಢ ನಿದ್ದೆ.

ಕಾಕಾ ನೆಟ್ಟಗೆ ಕುಳಿತಿದ್ದ. ಸಮಯ ಎರಡಾಯಿತು, ಎರಡೂವರೆಯಾಯಿತು. ಹೊರಡುವ ಹೊತ್ತೇ ಬಂದದ್ದರಿಂದ ಷರತ್ತು ಈಗ ಮುಗಿದಿತ್ತಲ್ಲ, ಅವನು ಬೇಕಾದರೆ ಹಾಡಿ ಕುಣಿದು ‘ನಡೀರಿ’ ಅನ್ನಬಹುದಿತ್ತು. ಅನ್ನಲಿಲ್ಲ. ಬಸ್ಸಿನವರ ಫೋನು ಬಂತು. ಅವಳತ್ತ ಇದ್ದ ಕೈ ಅಲುಗಿಸದೆ, ಇನ್ನೊಂದು ಕೈಯಿಂದ ಕಟ್ ಮಾಡಿದ. ಮತ್ತೆ ಬಂತು, ಮತ್ತೆ ಕಟ್ ಮಾಡಿದ. ನಾನು ಹತ್ತಿರ ಹೋಗಿ, ಕಾಕಾ, ಬಸ್ಸು ಹೋಗತೈತಿ ಎಂದು ಪಿಸುಗುಟ್ಟಿದೆ.

“ಹೋಗಲಿ ತಂಗಿ,” ಎಂದ. ಅವನ ದನಿ ಅಷ್ಟು ಮೆತ್ತಗಿರಬಲ್ಲದೆಂದು ನನಗೆ ಗೊತ್ತಿರಲಿಲ್ಲ. “ಈಕಿ ನಮ್ಮ ಮನಿಗೆ ಬಂದಾಗಿಂದ ಹಗಲಹೊತ್ತಿನ್ಯಾಗ ಮಲಗಿದ್ದು ನಾ ನೋಡೇ ಇಲ್ಲ. ಕಣ್ಣ ಮುಚ್ಚಿದ್ರ ಹಿಂಗ ಕಾಣ್ತಾಳಂತ ನನಗ ಗೊತ್ತಿರಲಿಲ್ಲ ನೋಡು.”

ನಾನು ಹುಲ್ಲಿನ ಮೇಲೆ ಕುಳಿತೆ. ನೆರಳು ಸರಿದು ಕಾಕಾನ ಮುಖಕ್ಕೆ ಬಿಸಿಲು ಬಂತು, ಅವನು ಸರಿಯಲಿಲ್ಲ. ಒಂದು ನೊಣ ಅವನ ಮೂಗಿನ ಮೇಲೆ ಕುಳಿತು, ಅವಸರವಿಲ್ಲದೆ ಅಡ್ಡಾಡಿ, ತನ್ನ ಮನಸ್ಸಿಗೆ ಬಂದಾಗ ಹೋಯಿತು.

ಬಹಳ ಹೊತ್ತಿನ ಮೇಲೆ ಕಾಕು ಅರೆಗಣ್ಣು ತೆರೆದಳು. ಎಲ್ಲಿದ್ದೇನೆಂದು ತಿಳಿಯದೆ ಒಮ್ಮೆ ನೋಡಿ, ಗಡಬಡಿಸಿ ಏಳಲು ಹೋದಳು.

“ಬಸ್ಸಿನ ಹೊತ್ತಾತೇನ್ರಿ?”

“ಇನ್ನಾ ಭಾಳ ಹೊತ್ತ ಐತಿ,” ಎಂದ ಕಾಕಾ. “ಮಲ್ಕೋ.”

ಅವಳು ಮತ್ತೆ ಕಣ್ಣು ಮುಚ್ಚಿದಳು. ಬಸ್ಸು ಹೋಗಿ ಆಗಲೇ ಒಂದು ತಾಸಾಗಿತ್ತು.